ಚಿನ್ನದ ನಾಣ್ಯ: ಕ್ಯಾರೆಟ್ ಬೇರೆ, ಫಿನಿಶ್ ಬೇರೆ, ಗ್ರೇಡ್ ಬೇರೆ

ಚಿನ್ನದ ನಾಣ್ಯ ಕೊಳ್ಳುವವರಿಂದ ಬಂದ ಪತ್ರಗಳನ್ನು ಈ ಸಲ ಒಟ್ಟಿಗೆ ಎತ್ತಿಕೊಂಡಿದ್ದೇನೆ. ಬಹುತೇಕ ಪತ್ರಗಳಲ್ಲಿ ಗೊಂದಲದ ಬೇರು ಒಂದೇ. ಚಿನ್ನದ ಶುದ್ಧತೆ (ಕ್ಯಾರೆಟ್), ನಾಣ್ಯವನ್ನು ಅಚ್ಚು ಹಾಕಿದ ರೀತಿ (ಫಿನಿಶ್) ಮತ್ತು ನಾಣ್ಯದ ಈಗಿನ ಸ್ಥಿತಿ (ಗ್ರೇಡ್) ಎಂಬ ಮೂರು ಬೇರೆ ಬೇರೆ ಸಂಗತಿಗಳು ಅಂಗಡಿಯ ಮಾತಿನಲ್ಲಿ ಒಂದೇ ಆಗಿಬಿಡುತ್ತವೆ, ಮತ್ತು ಗ್ರಾಹಕರು ಯಾವುದಕ್ಕೆ ಹಣ ಕೊಡುತ್ತಿದ್ದೇವೆ ಎಂಬುದು ತಿಳಿಯದೆಯೇ ಕೊಟ್ಟು ಬರುತ್ತಾರೆ.

ಪ್ರಶ್ನೆ: ಮಗಳ ಮದುವೆಗೆಂದು ವರ್ಷಕ್ಕೊಂದು ಚಿನ್ನದ ನಾಣ್ಯ ಕೊಳ್ಳುತ್ತಿದ್ದೇನೆ. ಈ ಸಲ ಅಂಗಡಿಯಲ್ಲಿ ಎರಡು ನಾಣ್ಯ ತೋರಿಸಿದರು. ಎರಡೂ 24 ಕ್ಯಾರೆಟ್, ಎರಡೂ 10 ಗ್ರಾಂ. ಒಂದು ‘ಪ್ರೂಫ್ ಗ್ರೇಡ್’ ಆದ್ದರಿಂದ ಅದಕ್ಕೆ ಬೆಲೆ ಹೆಚ್ಚು ಎಂದರು. ಅದರಲ್ಲಿ ಚಿನ್ನ ಹೆಚ್ಚು ಶುದ್ಧವಾಗಿರುತ್ತದೆಯೇ?
– ಓದುಗರು, ಶಿವಮೊಗ್ಗ

ಇಲ್ಲ. ಎರಡರಲ್ಲೂ ಇರುವ ಚಿನ್ನ ಒಂದೇ. ‘ಪ್ರೂಫ್ ಗ್ರೇಡ್’ ಎಂಬ ಮಾತೇ ಸರಿಯಾದುದಲ್ಲ, ಏಕೆಂದರೆ ಪ್ರೂಫ್ ಎನ್ನುವುದು ದರ್ಜೆಯ ಹೆಸರಲ್ಲ, ನಾಣ್ಯವನ್ನು ತಯಾರಿಸುವ ಒಂದು ವಿಧಾನದ ಹೆಸರು.

ಸಾಮಾನ್ಯ ನಾಣ್ಯವನ್ನು ಟಂಕಸಾಲೆಯಲ್ಲಿ ಯಂತ್ರ ಒಂದೇ ಏಟಿಗೆ ಅಚ್ಚು ಹಾಕಿ ಪಕ್ಕಕ್ಕೆ ತಳ್ಳುತ್ತದೆ. ಅದು ಇತರ ನಾಣ್ಯಗಳ ಮೇಲೆ ಬಿದ್ದು, ತಾಗಿ, ಚೀಲ ಸೇರುತ್ತದೆ. ಪ್ರೂಫ್ ನಾಣ್ಯಕ್ಕಾದರೆ ಮೊದಲು ಚಿನ್ನದ ಬಿಲ್ಲೆಯನ್ನೂ ಉಕ್ಕಿನ ಅಚ್ಚನ್ನೂ ಕನ್ನಡಿಯಾಗುವವರೆಗೆ ಉಜ್ಜಿರುತ್ತಾರೆ. ಅಚ್ಚಿನಲ್ಲಿ ಚಿತ್ರದ ಭಾಗವನ್ನು ಮಾತ್ರ ಬೇಕೆಂದೇ ಸೂಕ್ಷ್ಮವಾಗಿ ಒರಟು ಮಾಡಿರುತ್ತಾರೆ. ಆಮೇಲೆ ಎರಡು ಅಥವಾ ಹೆಚ್ಚು ಬಾರಿ, ನಿಧಾನವಾಗಿ, ಹೆಚ್ಚಿನ ಒತ್ತಡದಲ್ಲಿ ಮುದ್ರೆ ಒತ್ತಿ, ಕೈಗವಸು ತೊಟ್ಟವರು ಒಂದೊಂದನ್ನೇ ಅಂಚು ಹಿಡಿದು ಎತ್ತಿ ಪೆಟ್ಟಿಗೆಗೆ ಸೇರಿಸುತ್ತಾರೆ. ಅಂಥ ನಾಣ್ಯವನ್ನು ದೀಪದ ಕೆಳಗೆ ಹಿಡಿದರೆ ಖಾಲಿ ಜಾಗದಲ್ಲಿ ನಿಮ್ಮ ಮುಖ ಕಾಣುತ್ತದೆ, ಉಬ್ಬುಚಿತ್ರ ಮಾತ್ರ ಮಂಜು ಕವಿದಂತೆ ಬೆಳ್ಳಗೆ ನಿಲ್ಲುತ್ತದೆ. ಇದನ್ನು ತಿರುವುಮುರುವು ಮಾಡಿ, ಚಿತ್ರಕ್ಕೆ ಕನ್ನಡಿ ಹೊಳಪನ್ನೂ ಸುತ್ತಲಿನ ಖಾಲಿ ಬಯಲಿಗೆ ಮಂಜನ್ನೂ ಕೊಟ್ಟರೆ ಅದು ರಿವರ್ಸ್ ಪ್ರೂಫ್. ಇಡೀ ನಾಣ್ಯಕ್ಕೆ ಮರಳಿನಂಥ ಸಣ್ಣ ತರಿ ಕೊಟ್ಟರೆ ಮ್ಯಾಟ್ ಫಿನಿಶ್. ಬ್ರಿಟನ್ನಿನ ಏಳನೆಯ ಎಡ್ವರ್ಡ್‌ನ ಪಟ್ಟಾಭಿಷೇಕದ 1902ರ ಪ್ರೂಫ್ ಸವರನ್ ಎಂಬ ಚಿನ್ನದ ನಾಣ್ಯಗಳು ಈ ಮ್ಯಾಟ್ ಬಗೆಯವು, ಮತ್ತು ಅವನ್ನು ಮೊದಲ ಬಾರಿ ನೋಡಿದವರು ಪ್ರೂಫ್ ಎಂದು ನಂಬುವುದೇ ಕಷ್ಟ. ಏನೂ ವಿಶೇಷ ಮಾಡದೆ ಒಮ್ಮೆ ಒತ್ತಿ, ಚಲಾವಣೆಗೆ ಬಿಡದೆ ಮಾರುವ ನಾಣ್ಯಕ್ಕೆ ಬುಲಿಯನ್ ಫಿನಿಶ್ ಎಂದೋ ಬ್ರಿಲಿಯಂಟ್ ಅನ್‌ಸರ್ಕ್ಯುಲೇಟೆಡ್ ಎಂದೋ ಹೇಳುತ್ತಾರೆ.

ಈಗ ನಿಮ್ಮ ವಿಷಯಕ್ಕೆ ಬರೋಣ. ಮದುವೆಯ ಹೊತ್ತಿಗೆ ಈ ನಾಣ್ಯಗಳು ಅಕ್ಕಸಾಲಿಗರ ಮೂಸೆಗೆ ಹೋಗಿ ಬಳೆಯೋ ಸರವೋ ಆಗುವುದಾದರೆ ಕನ್ನಡಿ ಹೊಳಪೂ ಮಂಜಿನ ಚಿತ್ರವೂ ಮೊದಲ ನಿಮಿಷದಲ್ಲೇ ಕರಗಿ ಹೋಗುತ್ತವೆ. ನೀವು ಕೊಟ್ಟ ಹೆಚ್ಚುವರಿ ಹಣ ಅವುಗಳ ಜೊತೆಗೇ ಹೋಗುತ್ತದೆ. ಸಾದಾ ನಾಣ್ಯವನ್ನೇ ಕೊಳ್ಳಿ, ಮತ್ತು ಅದರ ಮೇಲೆ 999 ಎಂಬ ಶುದ್ಧತೆ (ಸಾವಿರ ಪಾಲಿನಲ್ಲಿ 999 ಪಾಲು ಚಿನ್ನ), ತೂಕ ಹಾಗೂ ಹಾಲ್‌ಮಾರ್ಕ್ ಇದೆಯೇ ನೋಡಿಕೊಳ್ಳಿ. ಪ್ರೂಫ್ ನಾಣ್ಯವನ್ನು ಕೊಳ್ಳಬೇಕಾದವರು ಅದನ್ನು ನಾಣ್ಯವಾಗಿಯೇ ಉಳಿಸಿಕೊಳ್ಳುವವರು.

ಪ್ರಶ್ನೆ: ಅಜ್ಜಿಯ ಕಾಸಿನ ಸರವನ್ನು ಬಿಚ್ಚಿದಾಗ ಐದು ಸವರನ್ ಸಿಕ್ಕಿವೆ. ಎಲೆಯಡಿಕೆ ಪೆಟ್ಟಿಗೆಯಲ್ಲಿ ಬಿಡಿಯಾಗಿ ಇನ್ನೆರಡು ಇದ್ದವು. ಎಲ್ಲದರ ಮೇಲೂ ಕುದುರೆ ಸವಾರನಿದ್ದಾನೆ. ಬಿಡಿ ನಾಣ್ಯವೊಂದರಲ್ಲಿ 1918 ಎಂದಿದ್ದು, ಮೇಲೆ ‘ಐ’ ಎಂಬ ಸಣ್ಣ ಇಂಗ್ಲಿಷ್ ಅಕ್ಷರವಿದೆ. ಮಾರುವ ಮೊದಲು ಪಾಲಿಶ್ ಮಾಡಿಸಿದರೆ ಗ್ರೇಡ್ ಏರುತ್ತದೆ ಎಂದು ನೆಂಟರು ಹೇಳುತ್ತಾರೆ. ಏನು ಮಾಡಲಿ?
– ಓದುಗರು, ಪುತ್ತೂರು

ದಯವಿಟ್ಟು ಪಾಲಿಶ್ ಮಾಡಿಸಬೇಡಿ. ಬಟ್ಟೆಯಿಂದಲೂ ಉಜ್ಜಬೇಡಿ. ಈ ಅಂಕಣದಲ್ಲಿ ನಾನು ಒಂದೇ ಮಾತು ಹೇಳಲು ಅವಕಾಶವಿದ್ದರೆ ಇದನ್ನೇ ಹೇಳುತ್ತಿದ್ದೆ.

ಕಾರಣವನ್ನು ನನ್ನ ಮನೆಯ ನಾಣ್ಯದಿಂದಲೇ ಹೇಳುತ್ತೇನೆ. ನಮ್ಮ ತಾಯಿಯ ಬಳಿ 1911ರ ಒಂದು ಸವರನ್ ಇತ್ತು. ನಾನು ಕಾಲೇಜಿನಲ್ಲಿದ್ದಾಗ ಅದರ ಮೇಲೆ ಕುಳಿತಿದ್ದ ಕಂದು ಛಾಯೆಯನ್ನು ಕೊಳೆ ಎಂದು ತಿಳಿದು, ಪೂಜೆಯ ಪಾತ್ರೆ ಬೆಳಗುವ ಹಾಗೆ ಹುಣಸೆಹಣ್ಣು ಮತ್ತು ಬೂದಿ ಹಚ್ಚಿ ತಿಕ್ಕಿದೆ. ನಾಣ್ಯ ಥಳಥಳಿಸಿತು, ಮನೆಯವರೆಲ್ಲ ಮೆಚ್ಚಿದರು. ಹಲವು ವರ್ಷಗಳ ನಂತರ ಭೂತಗನ್ನಡಿಯಡಿ ನೋಡಿದಾಗ ರಾಜನ ಕೆನ್ನೆಯಿಂದ ಅಂಚಿನವರೆಗೆ ಒಂದೇ ದಿಕ್ಕಿನಲ್ಲಿ ನೂರಾರು ಕೂದಲೆಳೆಯಂಥ ಗೀರುಗಳಿದ್ದವು. ಬೂದಿಯ ಕಣಗಳು ಎಳೆದ ಗೆರೆಗಳು ಅವು. ಅವನ್ನು ಅಳಿಸಲು ಯಾವ ಉಪಾಯವೂ ಇಲ್ಲ. ಟಂಕಸಾಲೆಯಿಂದ ಬಂದ ನಾಣ್ಯದ ಮೇಲ್ಮೈಯಲ್ಲಿ ಲೋಹ ಅಚ್ಚಿನೊಳಗೆ ಹರಿದ ಸೂಕ್ಷ್ಮ ಗೆರೆಗಳಿರುತ್ತವೆ. ನಾಣ್ಯವನ್ನು ಬೆಳಕಿನಲ್ಲಿ ಓಲಾಡಿಸಿದರೆ ಬೆಳಕಿನ ಪಟ್ಟಿಯೊಂದು ಬಂಡಿಚಕ್ರದ ಕಡ್ಡಿಗಳ ಹಾಗೆ ಸುತ್ತುತ್ತದೆ. ತಿಕ್ಕಿದ ನಾಣ್ಯದಲ್ಲಿ ಆ ಚಕ್ರ ತಿರುಗುವುದಿಲ್ಲ, ಎಲ್ಲ ಕಡೆಯೂ ಒಂದೇ ಸಮನೆ ಸಪ್ಪೆ ಮಿಂಚು. ಪರಿಣತರು ಎರಡು ಸೆಕೆಂಡಿನಲ್ಲಿ ಇದನ್ನು ಗುರುತಿಸುತ್ತಾರೆ, ಮತ್ತು ಅಂಥ ನಾಣ್ಯಕ್ಕೆ ದರ್ಜೆಯ ಅಂಕಿಯನ್ನೇ ಕೊಡದೆ ‘ಶುಚಿಗೊಳಿಸಲಾಗಿದೆ’ ಎಂದು ಷರಾ ಬರೆಯುತ್ತಾರೆ.

ಸರದಲ್ಲಿದ್ದ ಐದು ನಾಣ್ಯಗಳ ಅಂಚನ್ನು ನೋಡಿ. ಕೊಂಡಿ ಬೆಸೆದಿದ್ದ ಜಾಗದಲ್ಲಿ ಅಂಚಿನ ಹಲ್ಲುಗಳು ಮುಚ್ಚಿಹೋಗಿರುತ್ತವೆ, ಬೆಸುಗೆಯ ಚುಕ್ಕೆ ಉಳಿದಿರುತ್ತದೆ ಅಥವಾ ಅದನ್ನು ಅರದಿಂದ ಸವರಿದ ಗುರುತಿರುತ್ತದೆ. ಸಂಗ್ರಾಹಕರ ದೃಷ್ಟಿಯಲ್ಲಿ ಅವು ದೋಷವುಳ್ಳ ನಾಣ್ಯಗಳು, ಆದ್ದರಿಂದ ಚಿನ್ನದ ಬೆಲೆಗೆ ಮಾರಲು ಹಿಂಜರಿಯಬೇಕಿಲ್ಲ. ಅಜ್ಜಿಯ ಸರವೆಂಬ ಬೆಲೆ ನಿಮಗೆ ಮಾತ್ರ ಗೊತ್ತು, ಅದನ್ನು ನಾನು ಅಳೆಯಲಾರೆ. ಪೆಟ್ಟಿಗೆಯಲ್ಲಿದ್ದ ಬಿಡಿ ನಾಣ್ಯಗಳ ಮಾತು ಬೇರೆ.

1918ರ ನಾಣ್ಯದ ಮೇಲಿನ ‘ಐ’ ಎಂದರೆ ಇಂಡಿಯಾ. ಕುದುರೆಯ ಕಾಲಡಿಯ ನೆಲದ ಮೇಲೆ, ಇಸವಿಯ ಮೇಲ್ಭಾಗದಲ್ಲಿ ಅದು ಇರುತ್ತದೆ. ಮೊದಲ ಮಹಾಯುದ್ಧದ ಕಾಲದಲ್ಲಿ ಲಂಡನ್ನಿನ ರಾಯಲ್ ಮಿಂಟ್ ಬೊಂಬಾಯಿಯಲ್ಲಿ ಒಂದು ಶಾಖೆ ತೆರೆದು, 1918ನೆಯ ಇಸವಿಯ ಸುಮಾರು 13 ಲಕ್ಷ ಸವರನ್‌ಗಳನ್ನು ಇಲ್ಲಿ ಅಚ್ಚು ಹಾಕಿತು. ಅದೇ ಇಸವಿಯಲ್ಲಿ ಅದೇ ಊರಿನಲ್ಲಿ ಸವರನ್ನಿನಷ್ಟೇ ತೂಕದ 15 ರೂಪಾಯಿಯ ಚಿನ್ನದ ನಾಣ್ಯವೂ ಹೊರಬಂದಿತ್ತು, ಏಕೆಂದರೆ ಸವರನ್ ಎಂದರೆ ಒಂದು ಪೌಂಡಿನ ನಾಣ್ಯ, ಆಗ ಒಂದು ಪೌಂಡಿಗೆ 15 ರೂಪಾಯಿ ಎಂಬುದು ಸರಕಾರದ ದರ. ‘ಎಂ’ ಇದ್ದರೆ ಮೆಲ್ಬರ್ನ್, ‘ಎಸ್’ ಇದ್ದರೆ ಸಿಡ್ನಿ, ‘ಪಿ’ ಇದ್ದರೆ ಪರ್ತ್, ‘ಎಸ್‌ಎ’ ಇದ್ದರೆ ದಕ್ಷಿಣ ಆಫ್ರಿಕದ ಪ್ರಿಟೋರಿಯ. ಬೊಂಬಾಯಿಯ ನಾಣ್ಯ ತೀರಾ ಅಪರೂಪದ್ದಲ್ಲ. ಆದರೂ ಸವೆಯದೆ ಉಳಿದಿದ್ದರೆ ಚಿನ್ನದ ಬೆಲೆಗಿಂತ ಹೆಚ್ಚು ಕೊಡುವ ಸಂಗ್ರಾಹಕರಿದ್ದಾರೆ.

ಸವೆದಿದೆಯೇ ಎಂದು ನೀವೇ ನೋಡಬಹುದು. ಸವಕಳಿ ಮೊದಲು ತಾಗುವುದು ಉಬ್ಬಿನ ತುದಿಗಳಿಗೆ. ರಾಜನ ಹುಬ್ಬು, ಮೀಸೆ, ಕಿವಿಯ ಮೇಲಿನ ಕೂದಲು, ಹಿಂಬದಿಯಲ್ಲಿ ಸವಾರನ ಶಿರಸ್ತ್ರಾಣ, ತೊಡೆ ಮತ್ತು ಕುದುರೆಯ ಎದೆ ಇವನ್ನು ಭೂತಗನ್ನಡಿಯಲ್ಲಿ ಪರೀಕ್ಷಿಸಿ. ಆ ಜಾಗಗಳ ಬಣ್ಣ ಸುತ್ತಲಿನ ಚಿನ್ನಕ್ಕಿಂತ ಮಂಕಾಗಿ, ಸಪಾಟಾಗಿ ಕಂಡರೆ ನಾಣ್ಯ ಕೈಯಿಂದ ಕೈಗೆ ತಿರುಗಾಡಿದೆ. ಕೂದಲ ಎಳೆಗಳು ಬಿಡಿಬಿಡಿಯಾಗಿ ಕಾಣುತ್ತ, ಬಂಡಿಚಕ್ರದ ಹೊಳಪು ಆ ತುದಿಗಳ ಮೇಲೂ ಹಾದುಹೋದರೆ ನಿಮ್ಮ ಕೈಯಲ್ಲಿರುವುದು ಒಳ್ಳೆಯ ನಾಣ್ಯ.

ಇನ್ನೊಂದು ಎಚ್ಚರಿಕೆ. ಅಂಗಡಿಯಲ್ಲಿ ಒರೆಗಲ್ಲಿಗೆ ಉಜ್ಜಲು ಬಿಡಬೇಡಿ. ಒರೆ ಹಚ್ಚಿದ ಜಾಗದಲ್ಲಿ ಅಂಚು ಸವೆದು ನಾಣ್ಯದ ದರ್ಜೆ ಅಲ್ಲೇ ಇಳಿಯುತ್ತದೆ. ಸವರನ್ನಿನ ತೂಕ 7.988 ಗ್ರಾಂ, ವ್ಯಾಸ 22.05 ಮಿಲಿಮೀಟರ್, ಚಿನ್ನ 22 ಕ್ಯಾರೆಟ್. ನೂರನೆಯ ಒಂದು ಗ್ರಾಮನ್ನು ತೋರಿಸುವ ತಕ್ಕಡಿಯ ಮೇಲೆ ನೀರಿನ ಲೋಟ ಇಟ್ಟು, ಅಂಕಿಯನ್ನು ಸೊನ್ನೆಗೆ ತಂದು, ನಾಣ್ಯವನ್ನು ನೂಲಿನಲ್ಲಿ ಕಟ್ಟಿ ತಳಕ್ಕೂ ಬದಿಗೂ ತಾಗದಂತೆ ನೀರಿನಲ್ಲಿ ಮುಳುಗಿಸಿ ಹಿಡಿದರೆ ತಕ್ಕಡಿ ಸುಮಾರು 0.45 ಗ್ರಾಂ ತೋರಿಸಬೇಕು. ತೀರಾ ಬೇರೆ ಅಂಕಿ ಬಂದರೆ ಲೋಹ ಬೇರೆ. ಇಷ್ಟಾದರೂ ಇದು ಲೋಹದ ಪರೀಕ್ಷೆಯೇ ಹೊರತು ನಾಣ್ಯದ ಪರೀಕ್ಷೆಯಲ್ಲ. 1950ರ ದಶಕದಲ್ಲಿ ಸರಿಯಾದ ಚಿನ್ನವನ್ನೇ ಬಳಸಿ ಖೋಟಾ ಸವರನ್ ಅಚ್ಚು ಹಾಕುವ ದಂಧೆ ಎಷ್ಟು ಬೆಳೆದಿತ್ತೆಂದರೆ, ಅದನ್ನು ತಡೆಯಲೆಂದೇ ರಾಯಲ್ ಮಿಂಟ್ 1957ರಲ್ಲಿ ಮತ್ತೆ ಸವರನ್ ತಯಾರಿಸತೊಡಗಿತು. ಅಕ್ಷರಗಳು ಉಬ್ಬಿದ ಮೇಣದಂತೆ ಮೊಂಡಾಗಿದ್ದರೆ, ಬಯಲಿನಲ್ಲಿ ಕಾರಣವಿಲ್ಲದ ಗುಳಿಗಳಿದ್ದರೆ ಅನುಮಾನಪಡಿ.

ಹಳೆಯ ಸವರನ್ ಮಾರುವಾಗ ಲೆಕ್ಕ ಹೀಗೆ: 7.988 ಗ್ರಾಮಿನಲ್ಲಿ ಅಪ್ಪಟ ಚಿನ್ನ 7.322 ಗ್ರಾಂ. ಗ್ರಾಮಿಗೆ 10,000 ರೂಪಾಯಿ ಎಂದು ಲೆಕ್ಕದ ಅನುಕೂಲಕ್ಕೆ ಇಟ್ಟುಕೊಂಡರೆ ಚಿನ್ನದ ಬೆಲೆಯೇ 73,220 ರೂಪಾಯಿ. ನಮ್ಮ ಕಡೆ ಪವನು ಎಂದರೆ 8 ಗ್ರಾಂ ಎನ್ನುವ ರೂಢಿ ಹುಟ್ಟಿದ್ದೂ ಈ ನಾಣ್ಯದಿಂದಲೇ.

ಪ್ರಶ್ನೆ: ಅಮೆರಿಕನ್ ಈಗಲ್ ಚಿನ್ನದ ನಾಣ್ಯಗಳನ್ನು ಊರಿಗೆ ತರಬೇಕೆಂದಿದ್ದೇನೆ. ‘ಎಂಎಸ್ 69’ ಮತ್ತು ‘ಎಂಎಸ್ 70’ ಎಂದು ಬರೆದ ಪ್ಲಾಸ್ಟಿಕ್ ಪೆಟ್ಟಿಗೆಗಳಿಗೆ ಬಿಡಿ ನಾಣ್ಯಕ್ಕಿಂತ ಹೆಚ್ಚು ಬೆಲೆ. ಅಷ್ಟು ಕೊಡಬಹುದೇ? 70 ಎಂಬ ಅಂಕಿ ಎಲ್ಲಿಂದ ಬಂತು?
– ಕನ್ನಡಿಗರೊಬ್ಬರು, ನ್ಯೂಜೆರ್ಸಿ

ಎರಡನೆಯ ಪ್ರಶ್ನೆಯಿಂದ ಆರಂಭಿಸುತ್ತೇನೆ. ಅಮೆರಿಕದ ವಿಲಿಯಂ ಶೆಲ್ಡನ್ ಎಂಬ ಮನಶ್ಶಾಸ್ತ್ರಜ್ಞರು ತಾಮ್ರದ ಹಳೆಯ ಸೆಂಟ್ ನಾಣ್ಯಗಳನ್ನು ಸಂಗ್ರಹಿಸುತ್ತಿದ್ದರು. ಕೈಗೆ ಸಿಕ್ಕ ತೀರಾ ಸವೆದ ನಾಣ್ಯದ ಬೆಲೆ ಒಂದಾದರೆ, ಅತ್ಯುತ್ತಮ ಸ್ಥಿತಿಯ ಅದೇ ನಾಣ್ಯಕ್ಕೆ ಅದರ ಎಪ್ಪತ್ತು ಪಟ್ಟು ಬೆಲೆ ಎಂಬ ಅಂದಾಜಿನ ಮೇಲೆ 1949ರಲ್ಲಿ 1ರಿಂದ 70ರವರೆಗಿನ ಮಾಪನವನ್ನು ಪ್ರಕಟಿಸಿದರು. ಬೆಲೆಯ ಆ ಲೆಕ್ಕ ಬಹುಬೇಗ ಹಳತಾಯಿತು, ಅಂಕಿ ಮಾತ್ರ ಉಳಿಯಿತು. 1986ರಲ್ಲಿ ಪಿಸಿಜಿಎಸ್, 1987ರಲ್ಲಿ ಎನ್‌ಜಿಸಿ ಎಂಬ ಸಂಸ್ಥೆಗಳು ಹುಟ್ಟಿ, ನಾಣ್ಯವನ್ನು ಪರೀಕ್ಷಿಸಿ, ಅಂಕಿ ಕೊಟ್ಟು, ಪಾರದರ್ಶಕ ಪೆಟ್ಟಿಗೆಯಲ್ಲಿ ಮುಚ್ಚಿಕೊಡುವ ಪದ್ಧತಿಯನ್ನು ಬೆಳೆಸಿದವು. ಎಂಎಸ್ ಎಂದರೆ ಮಿಂಟ್ ಸ್ಟೇಟ್, ಟಂಕಸಾಲೆಯಿಂದ ಬಂದಂತೆಯೇ ಸವೆಯದೆ ಇರುವುದು. ಅದು 60ರಿಂದ ಆರಂಭವಾಗುತ್ತದೆ. 50ರಿಂದ 58 ಎಂದರೆ ತುದಿಗಳಲ್ಲಿ ಮಾತ್ರ ತುಸು ಸವೆದದ್ದು, ಅದನ್ನು ಎಯು (ಅಬೌಟ್ ಅನ್‌ಸರ್ಕ್ಯುಲೇಟೆಡ್) ಎನ್ನುತ್ತಾರೆ. ಅದಕ್ಕಿಂತ ಕೆಳಗೆ ಎಕ್ಸ್‌ಎಫ್ (ಎಕ್ಸ್‌ಟ್ರೀಮ್ಲಿ ಫೈನ್), ವಿಎಫ್ (ವೆರಿ ಫೈನ್), ಎಫ್ (ಫೈನ್) ಎಂದು ಇಳಿಯುತ್ತದೆ. ಪ್ರೂಫ್ ನಾಣ್ಯಕ್ಕಾದರೆ ಎಂಎಸ್ ಬದಲು ಪಿಆರ್ ಅಥವಾ ಪಿಎಫ್ ಎಂದು ಬರೆದು ಅದೇ ಅಂಕಿಗಳನ್ನು ಬಳಸುತ್ತಾರೆ. ಪ್ರೂಫ್ ಆಗಿ ಹುಟ್ಟಿದ ನಾಣ್ಯ ಜೇಬಿನಲ್ಲಿ ಸವೆದು 50ಕ್ಕೆ ಇಳಿದರೂ ಪ್ರೂಫ್ ಆಗಿಯೇ ಇರುತ್ತದೆ. ಫಿನಿಶ್ ಹುಟ್ಟಿನ ಗುಣ, ಗ್ರೇಡ್ ಬದುಕಿನ ಗುರುತು.

70 ಎಂದರೆ ಐದು ಪಟ್ಟು ಹಿಗ್ಗಿಸಿ ನೋಡಿದರೂ ತಯಾರಾದ ಮೇಲಿನ ದೋಷ ಯಾವುದೂ ಕಾಣದ ನಾಣ್ಯ. 69 ಎಂದರೆ ಎಲ್ಲೋ ಒಂದು ಚುಕ್ಕೆ. ಹೊಸ ಈಗಲ್ ನಾಣ್ಯಗಳನ್ನು ಪರೀಕ್ಷೆಗೆ ಕಳುಹಿಸಿದರೆ ಬಹುಪಾಲು 69 ಅಥವಾ 70 ಆಗಿಯೇ ಮರಳುತ್ತವೆ, ಏಕೆಂದರೆ ಅವು ಯಾರ ಜೇಬಿಗೂ ಹೋದವಲ್ಲ. ಹಾಗಾಗಿ ಅಲ್ಲಿ 70 ಎಂಬುದು ವಿರಳವಲ್ಲ. ನೂರು ವರ್ಷ ಹಳೆಯ ನಾಣ್ಯದಲ್ಲಿ 63 ಮತ್ತು 65ರ ನಡುವಿನ ಅಂತರ ಅರ್ಥಪೂರ್ಣ, ಕಳೆದ ತಿಂಗಳು ಹುಟ್ಟಿದ ನಾಣ್ಯದಲ್ಲಿ 69 ಮತ್ತು 70ರ ಅಂತರಕ್ಕೆ ದೊಡ್ಡ ಮೊತ್ತ ಕೊಡುವುದು ನನಗೆ ಒಪ್ಪಿಗೆಯಿಲ್ಲ. ಚೀಟಿಯ ಮೇಲೆ ‘ಮೊದಲ ದಿನ’, ‘ಆರಂಭದ ಬಿಡುಗಡೆ’ ಎಂದೆಲ್ಲ ಬರೆದಿದ್ದರೆ ಅದು ನಾಣ್ಯ ಹೊರಬಿದ್ದ ಅಥವಾ ಪರೀಕ್ಷೆಗೆ ತಲುಪಿದ ದಿನಾಂಕದ ಮಾತು. ಚಿನ್ನಕ್ಕೂ ಅಚ್ಚಿನ ಗುಣಕ್ಕೂ ಅದರಿಂದ ಏನೂ ಸೇರುವುದಿಲ್ಲ.

ನಿಮ್ಮ ಉದ್ದೇಶ ಊರಿಗೆ ಚಿನ್ನ ತರುವುದು. ನಮ್ಮ ಊರಿನ ಆಭರಣದಂಗಡಿಯಲ್ಲಿ ಆ ಪೆಟ್ಟಿಗೆಯನ್ನು ಒಡೆದು ನಾಣ್ಯವನ್ನು ತೂಗುತ್ತಾರೆ. ಅಂಕಿಗೆ ಬಿಡಿಗಾಸೂ ಸಿಗದು. ಇಲ್ಲಿ ಇನ್ನೊಂದು ತಪ್ಪು ತಿಳಿವಳಿಕೆಯನ್ನೂ ನಿವಾರಿಸಬೇಕು. ಈಗಲ್ 22 ಕ್ಯಾರೆಟ್ ಎಂದು ಕೇಳಿ, ಅದರಲ್ಲಿ ಚಿನ್ನ ಕಡಿಮೆ ಎಂದು ಕೆಲವರು ಬಿಟ್ಟುಬಿಡುತ್ತಾರೆ. ಒಂದು ಔನ್ಸಿನ ಈಗಲ್ ತೂಗುವುದು 33.93 ಗ್ರಾಂ, ಅದರೊಳಗೆ ಅಪ್ಪಟ ಚಿನ್ನ ಪೂರ್ತಿ 31.1 ಗ್ರಾಂ ಇರುತ್ತದೆ. ಬೆಳ್ಳಿ ಮತ್ತು ತಾಮ್ರವನ್ನು ಗಟ್ಟಿತನಕ್ಕಾಗಿ ಮೇಲಿಂದ ಸೇರಿಸಿರುತ್ತಾರೆ. ಬರುವಾಗ ನಾಣ್ಯಗಳನ್ನು ಕಸ್ಟಮ್ಸ್‌ನಲ್ಲಿ ಘೋಷಿಸಿ. ಆಭರಣಕ್ಕೆ ಇರುವ ಸುಂಕದ ವಿನಾಯಿತಿ ನಾಣ್ಯಕ್ಕೆ ಅನ್ವಯಿಸುವುದಿಲ್ಲ.

ಪ್ರಶ್ನೆ: ಪಾಯ ತೋಡುವಾಗ ಬಿಂದಿಗೆ ತುಂಬ ಚಿನ್ನದ ನಾಣ್ಯ ಸಿಕ್ಕಿದೆ ಎಂದು ಪರಿಚಯದವರೊಬ್ಬರು ಒಂದು ನಾಣ್ಯ ಕೊಟ್ಟು ಪರೀಕ್ಷೆ ಮಾಡಿಸಿಕೊಳ್ಳಿ ಎಂದರು. ಮಾಡಿಸಿದೆ, ಅಪ್ಪಟ ಚಿನ್ನ. ಉಳಿದದ್ದನ್ನು ಅರ್ಧ ಬೆಲೆಗೆ ಕೊಡುತ್ತಾರಂತೆ. ನಾಣ್ಯದ ಗ್ರೇಡ್ ಹೇಗೆ ತಿಳಿಯುವುದು?
– ಓದುಗರು, ದಾವಣಗೆರೆ

ಗ್ರೇಡ್ ಕೇಳುವ ಹಂತಕ್ಕೇ ಹೋಗಬೇಡಿ, ಹಣ ತೆಗೆದುಕೊಂಡು ಎಲ್ಲಿಗೂ ಹೊರಡಬೇಡಿ. ನಮ್ಮ ರಾಜ್ಯದಲ್ಲಿ ಎಷ್ಟೋ ಕುಟುಂಬಗಳನ್ನು ಬೀದಿಗೆ ತಂದ ವಂಚನೆ ಇದು. ಪರೀಕ್ಷೆಗೆ ಕೊಡುವ ಮೊದಲ ನಾಣ್ಯ ನಿಜವಾದ ಚಿನ್ನದ್ದು, ಆಮೇಲೆ ಗಂಟಿನಲ್ಲಿ ಕೊಡುವುದು ಹಿತ್ತಾಳೆಯ ಬಿಲ್ಲೆಗಳು. ಒಂದು ವೇಳೆ ಅವರ ಮಾತು ನಿಜವೇ ಆದರೂ ನೆಲದಲ್ಲಿ ಸಿಕ್ಕ ನಿಧಿಯನ್ನು ಜಿಲ್ಲಾಧಿಕಾರಿಗಳಿಗೆ ತಿಳಿಸಬೇಕೆಂಬುದು ಕಾನೂನು. ಬಚ್ಚಿಟ್ಟು ಮಾರುವುದೂ ಕೊಳ್ಳುವುದೂ ಅಪರಾಧವಾಗುತ್ತದೆ. ಆ ನಾಣ್ಯದೊಂದಿಗೆ ಇಂದೇ ಪೊಲೀಸ್ ಠಾಣೆಗೆ ಹೋಗಿ.

ಪ್ರಶ್ನೆ: ಬ್ಯಾಂಕಿನ ನಾಣ್ಯ ಒಳ್ಳೆಯದೋ, ಆಭರಣದಂಗಡಿಯದೋ? ಮುಚ್ಚಿದ ಕಾರ್ಡಿನಿಂದ ನಾಣ್ಯವನ್ನು ಹೊರತೆಗೆದರೆ ಗ್ರೇಡ್ ಹೋಗುತ್ತದೆಯೇ?
– ಓದುಗರು, ಹುಬ್ಬಳ್ಳಿ

ಇಂಥ ನಾಣ್ಯಗಳಿಗೆ ಸಂಗ್ರಾಹಕರ ಅರ್ಥದ ಗ್ರೇಡ್ ಎಂಬುದೇ ಇಲ್ಲ. ಕಾರ್ಡನ್ನು ತೆರೆದರೆ ಚಿನ್ನ ಕಡಿಮೆಯಾಗದು, ಆದರೆ ಮರುಖರೀದಿಯ ಸಮಯದಲ್ಲಿ ತಕರಾರು ಹುಟ್ಟುತ್ತದೆ. ಮುಚ್ಚಿದ ಕಾರ್ಡಿನಲ್ಲಿ ತೂಕ, ಶುದ್ಧತೆ ಮತ್ತು ಕ್ರಮಸಂಖ್ಯೆ ಇದ್ದು, ಬಿಲ್ಲಿನಲ್ಲೂ ಅವೇ ಇದ್ದರೆ ಕೊಳ್ಳುವವರು ಹೆಚ್ಚು ಪ್ರಶ್ನೆ ಕೇಳುವುದಿಲ್ಲ. ಆದ್ದರಿಂದ ತೆರೆಯದಿರುವುದೇ ಮೇಲು. 24 ಕ್ಯಾರೆಟ್ ಚಿನ್ನ ಎಷ್ಟು ಮೆದುವೆಂದರೆ ಉಗುರು ತಾಗಿದರೂ ಅದರ ಕನ್ನಡಿ ಹೊಳಪಿನ ಮೇಲೆ ಗುರುತು ಉಳಿಯಬಹುದು.

ಬ್ಯಾಂಕುಗಳು ಚಿನ್ನದ ನಾಣ್ಯ ಮಾರಬಹುದು, ಮರಳಿ ಕೊಳ್ಳುವಂತಿಲ್ಲ. ಮಾರಲು ಕೊನೆಗೂ ನೀವು ಆಭರಣದಂಗಡಿಯ ಮೆಟ್ಟಿಲನ್ನೇ ಹತ್ತಬೇಕು. ಕೇಂದ್ರ ಸರಕಾರ 2015ರ ನವೆಂಬರ್‌ನಲ್ಲಿ ಹೊರತಂದ ಇಂಡಿಯನ್ ಗೋಲ್ಡ್ ಕಾಯಿನ್ ಎಂಬುದು ಒಂದು ಬದಿಯಲ್ಲಿ ಅಶೋಕಚಕ್ರ, ಇನ್ನೊಂದು ಬದಿಯಲ್ಲಿ ಗಾಂಧೀಜಿಯವರ ಚಿತ್ರವಿರುವ, 999 ಶುದ್ಧತೆಯ, ಹಾಲ್‌ಮಾರ್ಕ್ ಇರುವ ನಾಣ್ಯ.

ಎಲ್ಲಿ ಕೊಂಡರೂ ಈ ಲೆಕ್ಕವನ್ನು ಕಾಗದದ ಮೇಲೆ ಮಾಡಿಕೊಳ್ಳಿ. ಮತ್ತೆ ಗ್ರಾಮಿಗೆ 10,000 ರೂಪಾಯಿ ಎಂದೇ ಇಟ್ಟುಕೊಳ್ಳೋಣ. 10 ಗ್ರಾಮಿನ ನಾಣ್ಯದ ಚಿನ್ನಕ್ಕೆ 1,00,000. ತಯಾರಿಕೆಯ ವೆಚ್ಚ ಶೇ. 5 ಎಂದರೆ 5,000. ಒಟ್ಟು ಮೊತ್ತದ ಮೇಲೆ ಶೇ. 3ರ ಜಿಎಸ್‌ಟಿ 3,150. ನೀವು ಕೊಟ್ಟದ್ದು 1,08,150. ಮರುದಿನವೇ ಮಾರಲು ಹೋದರೆ ಜಿಎಸ್‌ಟಿಯೂ ತಯಾರಿಕೆಯ ವೆಚ್ಚವೂ ಮರಳಿ ಬರುವುದಿಲ್ಲ, ಅಂಗಡಿಯವರು ಶೇ. 2 ಕಳೆದರೆ ಕೈಗೆ ಸಿಗುವುದು 98,000. ಅಂದರೆ ಚಿನ್ನದ ದರ ಶೇ. 10ಕ್ಕಿಂತ ತುಸು ಹೆಚ್ಚೇ ಏರಿದ ಮೇಲೆ ನಿಮಗೆ ಅಸಲು ಕೂಡುತ್ತದೆ. ಒಂದು, ಎರಡು ಗ್ರಾಮಿನ ನಾಣ್ಯಗಳಲ್ಲಿ ತಯಾರಿಕೆಯ ವೆಚ್ಚದ ಪ್ರಮಾಣ ಇನ್ನೂ ಹೆಚ್ಚು. ಹಬ್ಬಕ್ಕೊಂದು ಗ್ರಾಂ ಎಂದು ಹತ್ತು ಸಲ ಕೊಳ್ಳುವುದಕ್ಕಿಂತ ಹಣ ಕೂಡಿಸಿ ಒಮ್ಮೆ 10 ಗ್ರಾಂ ಕೊಳ್ಳುವುದು ಲೇಸು.

ಪ್ರಶ್ನೆ: ವ್ಯಾಪಾರಿಯೊಬ್ಬರು ಶಿವ-ಪಾರ್ವತಿಯರಿರುವ ಚಿನ್ನದ ವರಹವೊಂದನ್ನು ‘ಎಕ್ಸ್‌ಎಫ್ ಗ್ರೇಡ್’ ಎಂದು ತೋರಿಸಿದರು. ಒಂದು ಬದಿಯಲ್ಲಿ ಪಾರ್ವತಿಯ ಅರ್ಧ ದೇಹವೇ ಇಲ್ಲ. ಅದು ಹೇಗೆ ಒಳ್ಳೆಯ ದರ್ಜೆಯಾದೀತು?
– ಓದುಗರು, ಮೈಸೂರು

ನಿಮ್ಮ ಕಣ್ಣು ಸರಿಯಾದ ಜಾಗದಲ್ಲಿ ನಿಂತಿದೆ. ವ್ಯಾಪಾರಿ ಹೇಳಿದ್ದೂ ಸುಳ್ಳಾಗಿರಬೇಕಿಲ್ಲ. ಯಂತ್ರ ಬರುವ ಮೊದಲಿನ ನಮ್ಮ ನಾಣ್ಯಗಳನ್ನು ಕೈಯಿಂದ, ಸುತ್ತಿಗೆಯ ಏಟಿನಿಂದ ಅಚ್ಚು ಹಾಕುತ್ತಿದ್ದರು. ಅಚ್ಚು ಅಗಲವಾಗಿದ್ದು ಬಿಲ್ಲೆ ಚಿಕ್ಕದಾಗಿದ್ದರೆ ಚಿತ್ರದ ಒಂದು ಭಾಗ ಬಿಲ್ಲೆಯ ಆಚೆಗೇ ಉಳಿಯುತ್ತಿತ್ತು. ಎಕ್ಸ್‌ಎಫ್ ಎಂಬುದು ಸವಕಳಿಯ ಅಳತೆ ಮಾತ್ರ. ಇರುವಷ್ಟು ಚಿತ್ರ ಸವೆದಿಲ್ಲ ಎಂದು ಅದು ಹೇಳುತ್ತದೆ, ಚಿತ್ರ ಎಷ್ಟು ಇದೆ ಎಂದು ಹೇಳುವುದಿಲ್ಲ. ಹೀಗಾಗಿ ವರಹ ಕೊಳ್ಳುವವರು ದರ್ಜೆಯ ಜೊತೆಗೆ ಇನ್ನೆರಡನ್ನು ಕೇಳಬೇಕು: ಮುದ್ರೆ ನಡುವೆ ಬಿದ್ದಿದೆಯೇ, ಮತ್ತು ಏಟು ಸಮನಾಗಿ ಬಿದ್ದಿದೆಯೇ. ಶಿವನ ಕೈಯ ತ್ರಿಶೂಲ ಮತ್ತು ಜಿಂಕೆ, ಇಬ್ಬರ ಮುಖಗಳು, ಹಿಂಬದಿಯ ಬರಹದ ಎಲ್ಲ ಸಾಲುಗಳು ಬಿಲ್ಲೆಯ ಒಳಗೇ ಇರುವ ನಾಣ್ಯಕ್ಕೆ ತುಸು ಸವೆದಿದ್ದರೂ ನಾನು ಹೆಚ್ಚು ಬೆಲೆ ಕೊಡುತ್ತೇನೆ.

ಹಿಂಬದಿಯನ್ನು ನೋಡದೆ ಇದು ಯಾರ ವರಹ ಎಂದು ಹೇಳಲಾಗದು. ವಿಜಯನಗರದ ಅರಸರು ಹಾಕಿಸಿದ ಈ ಉಮಾಮಹೇಶ್ವರ ಚಿತ್ರವನ್ನು ಕೆಳದಿಯ ನಾಯಕರು ಉಳಿಸಿಕೊಂಡರು. ಹೈದರ್ ಅಲಿ ಅದೇ ಚಿತ್ರವನ್ನು ಮುಂದುವರಿಸಿ, ಹಿಂಬದಿಯಲ್ಲಿ ಚುಕ್ಕೆಗಳ ನಡುವೆ ತನ್ನ ಹೆಸರಿನ ಮೊದಲ ಪರ್ಷಿಯನ್ ಅಕ್ಷರ ಹಾಕಿಸಿದನು. ಮುಮ್ಮಡಿ ಕೃಷ್ಣರಾಜ ಒಡೆಯರ ವರಹದಲ್ಲಿ ಒಂದು ಬದಿಗೆ ಶಿವ-ಪಾರ್ವತಿಯರಿದ್ದು, ಹಿಂಬದಿಯಲ್ಲಿ ನಾಗರಿ ಲಿಪಿಯಲ್ಲಿ ‘ಶ್ರೀ ಕೃಷ್ಣರಾಜ’ ಎಂದಿದೆ. ನಾಲ್ಕು ಆಳ್ವಿಕೆಗಳು ಒಂದೇ ದೇವರ ಜೋಡಿಯನ್ನು ಚಿನ್ನದ ಮೇಲೆ ಉಳಿಸಿಕೊಂಡು ಬಂದದ್ದನ್ನು ಅಂಗೈಯಲ್ಲಿ ಹಿಡಿದು ನೋಡುವುದು ದೊಡ್ಡ ಅನುಭವ. ಹೊಯ್ಸಳ ವಿಷ್ಣುವರ್ಧನನ ಗದ್ಯಾಣಗಳ ಮೇಲಂತೂ ಕನ್ನಡದ್ದೇ ಅಕ್ಷರಗಳು, ‘ಶ್ರೀ ತಳಕಾಡುಗೊಂಡ’ ಎಂದು. ಅಂಥ ನಾಣ್ಯದಲ್ಲಿ ಅಕ್ಷರ ಪೂರ್ತಿ ಇರುವುದೇ ಮೊದಲ ದರ್ಜೆ.

ವರಹದ ತೂಕ ಸುಮಾರು 3.4 ಗ್ರಾಂ. ಅದಕ್ಕಿಂತ ತೀರಾ ಕಡಿಮೆಯಿದ್ದರೆ ಅಂಚನ್ನು ಕತ್ತರಿಸಿರಬಹುದು ಅಥವಾ ನಾಣ್ಯವೇ ಖೋಟಾ ಇರಬಹುದು. ಎರಕ ಹೊಯ್ದ ಖೋಟಾಗಳ ಮೇಲ್ಮೈ ರವೆಯಂತೆ ಕಾಣುತ್ತದೆ, ಅಂಚಿನ ಸುತ್ತ ಎರಡು ಅಚ್ಚು ಕೂಡಿದ ಗೆರೆ ಇರುತ್ತದೆ. ಕಾನೂನನ್ನೂ ತಿಳಿದಿರಿ. 1972ರ ಪ್ರಾಚ್ಯವಸ್ತು ಕಾಯಿದೆಯ ಪ್ರಕಾರ ನೂರು ವರ್ಷ ದಾಟಿದ ನಾಣ್ಯ ಪ್ರಾಚ್ಯವಸ್ತುವಾಗುತ್ತದೆ. ಅದರ ವ್ಯಾಪಾರ ಮಾಡುವವರಿಗೆ ಪರವಾನಗಿ ಬೇಕು, ಖಾಸಗಿಯವರು ಅದನ್ನು ದೇಶದ ಹೊರಗೆ ಒಯ್ಯುವಂತಿಲ್ಲ. ಪುತ್ತೂರಿನ ಓದುಗರ 1918ರ ಸವರನ್ ಕೂಡ ಈಗ ಆ ಗಡಿ ದಾಟಿದೆ. ಪರವಾನಗಿ ತೋರಿಸಿ ಎಂದು ಕೇಳುವುದಕ್ಕೆ ಸಂಕೋಚ ಬೇಡ, ಬಿಲ್ಲಿನಲ್ಲಿ ತೂಕ, ಅರಸನ ಹೆಸರು ಮತ್ತು ದರ್ಜೆಯನ್ನು ಬರೆಸಿಕೊಳ್ಳಿ.

ಪ್ರಶ್ನೆ: ಐದು ವರ್ಷದ ಹಿಂದೆ ಕೊಂಡ 999 ನಾಣ್ಯದ ಮೇಲೆ ಕೆಂಪು ಚುಕ್ಕೆ ಬಂದಿದೆ. ಮೋಸ ಹೋದೆನೇ?
– ಓದುಗರು, ಬಳ್ಳಾರಿ

ಹೆದರಬೇಡಿ. ಅಚ್ಚು ಹಾಕುವಾಗ ಮೇಲ್ಮೈಯಲ್ಲಿ ಸಿಕ್ಕಿಕೊಂಡ ತಾಮ್ರದಂಥ ಬೇರೆ ಲೋಹದ ಕಣ ಗಾಳಿಗೆ ಬಣ್ಣ ಬದಲಿಸಿದಾಗ ಹೀಗಾಗುತ್ತದೆ, ಒಳ್ಳೆಯ ಟಂಕಸಾಲೆಗಳ ನಾಣ್ಯದಲ್ಲೂ ಇದು ಕಾಣುತ್ತದೆ. ಚಿನ್ನದ ಬೆಲೆಗೆ ಇದರಿಂದ ಧಕ್ಕೆಯಿಲ್ಲ. ಚುಕ್ಕೆಯನ್ನು ಕೆರೆಯಬೇಡಿ. ಮೇಲ್ಮೈ ಪೂರ್ತಿ ಬಣ್ಣಗೆಟ್ಟಿದ್ದರೆ ಮಾತ್ರ ಹಾಲ್‌ಮಾರ್ಕ್ ಕೇಂದ್ರದಲ್ಲಿ ಪರೀಕ್ಷೆ ಮಾಡಿಸಿ.

ಪ್ರಶ್ನೆ: ನಾನು ವಿದ್ಯಾರ್ಥಿನಿ. ಚಿನ್ನ ಕೊಳ್ಳುವಷ್ಟು ಹಣವಿಲ್ಲ, ಆದರೆ ಗ್ರೇಡ್ ಗುರುತಿಸುವುದನ್ನು ಕಲಿಯಬೇಕೆಂಬ ಆಸೆಯಿದೆ.
– ಓದುಗರು, ಉಡುಪಿ

ತಾಮ್ರದಿಂದ ಆರಂಭಿಸಿ. ಐದನೆಯ ಜಾರ್ಜ್‌ನ ಕಾಲದ ಕಾಲಾಣೆಗಳು ಇಂದಿಗೂ ಅಗ್ಗದಲ್ಲಿ ಸಿಗುತ್ತವೆ. ಒಂದೇ ಇಸವಿಯವು ಆರು ಕೊಳ್ಳಿ, ಹತ್ತು ಪಟ್ಟು ಹಿಗ್ಗಿಸುವ ಒಂದು ಭೂತಗನ್ನಡಿ ಕೊಳ್ಳಿ. ಸಂಜೆ ಕೋಣೆಯ ದೀಪಗಳನ್ನೆಲ್ಲ ಆರಿಸಿ ಒಂದೇ ಮೇಜುದೀಪದ ಕೆಳಗೆ ಮೆತ್ತನೆಯ ಬಟ್ಟೆ ಹಾಸಿ, ಆರನ್ನೂ ಸವೆದದ್ದರಿಂದ ಸವೆಯದ್ದಕ್ಕೆ ಸಾಲಾಗಿ ಜೋಡಿಸಿ. ರಾಜನ ಕಿರೀಟ, ಕಿವಿ, ಗಡ್ಡ, ನಿಲುವಂಗಿಯ ಮೇಲಿನ ಆನೆ ಈ ನಾಲ್ಕನ್ನು ಪ್ರತಿಯೊಂದರಲ್ಲೂ ನೋಡಿ, ಯಾವುದು ಮೊದಲು ಮಾಯವಾಗುತ್ತದೆ ಎಂದು ಬರೆದಿಡಿ. ಮರುದಿನ ಪಟ್ಟಿ ನೋಡದೆ ಮತ್ತೆ ಜೋಡಿಸಿ, ಎರಡೂ ದಿನದ ಸಾಲು ಒಂದೇ ಆಗುವವರೆಗೆ ಹೀಗೆ ಮಾಡುತ್ತಿರಿ. ನಾಣ್ಯವನ್ನು ಯಾವಾಗಲೂ ಅಂಚಿನಲ್ಲೇ ಹಿಡಿಯಿರಿ.